ಹತ್ತುವವನು ಒರೆಸಬಾರದು

ನನ್ನ ತಮ್ಮ ಮಟಮಟ ಮಧ್ಯಾಹ್ನದಲ್ಲಿ ಬೈಕಿನ ಚೈನಿಗೆ ಎಣ್ಣೆ ಹೊಡೆಯುತ್ತಿರುವುದನ್ನು ಕಂಡಾಗ ನನ್ನ ಎದೆ ಧಸಕ್ಕೆಂದಿತು. ಬೇರೆಯವರ ಮನೆಯಲ್ಲಾದರೆ ಇದೊಂದು ವಿಷಯವೇ ಅಲ್ಲ. ಬೈಕ್ ಇದ್ದವರೆಲ್ಲ ಬಿಡುವಾದಾಗ ಚೈನಿಗೆ ಎಣ್ಣೆ ಹಾಕುತ್ತಾರೆ, ಒಂದಿಷ್ಟನ್ನು ಟೈರಿಗೂ ಚೆಲ್ಲುತ್ತಾರೆ, ಒರೆಸಿ ಊಟಕ್ಕೆ ಹೋಗುತ್ತಾರೆ. ನಮ್ಮದು ಹಾಗಲ್ಲ. ನಮ್ಮದು ಬಾವಿಯ ಕಸುಬು. ಹಲಗೆ ಜೋಡಿಸಿ ನೆಲದ ಮೇಲೆ ಎಬ್ಬಿಸಿದ ಬಾವಿ ಅದು, ನೀರಿಲ್ಲ. ಅದರ ಒಳಗೋಡೆಯ ಮೇಲೆ ಅಡ್ಡಡ್ಡ ಬೈಕ್ ಓಡಿಸುವುದು ನಮ್ಮಪ್ಪನ ಕೆಲಸವಾಗಿತ್ತು, ಈಗ ತಮ್ಮನದು. ಜನ ಮೇಲೆ ಸುತ್ತಲೂ ನಿಂತು ಬಗ್ಗಿ ನೋಡುತ್ತಾರೆ. ಗೋಡೆ ನೆಟ್ಟಗೆ ನಿಂತಿರುತ್ತದೆ. ಬೈಕನ್ನು ಅಲ್ಲಿ ಹಿಡಿದಿಡುವುದು ಅದರ ವೇಗ ಮತ್ತು ಟೈರಿನ ಹಿಡಿತ, ಇನ್ನೇನೂ ಇಲ್ಲ.

ಅದಕ್ಕೇ ನಮ್ಮಲ್ಲಿ ಚೈನಿಗೆ ಎಣ್ಣೆ ಬೀಳುವುದು ದಿನದ ಕೊನೆಯ ಆಟ ಮುಗಿದ ಮೇಲೆ. ಚೈನಿನ ಹಿಂದೆ ಒಂದು ರಟ್ಟು ಅಡ್ಡ ಹಿಡಿದು, ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸುತ್ತಾ ಹಾಕಬೇಕು. ಬೆಳಗಿನವರೆಗೆ ಹಾಗೇ ಬಿಡಬೇಕು. ಆಗ ಅದು ಚೈನಿನೊಳಗೆ ಇಳಿದು ಕಚ್ಚಿಕೊಳ್ಳುತ್ತದೆ, ಓಡುವಾಗ ಎರಚುವುದಿಲ್ಲ. ಆಟಕ್ಕೆ ಮುಂಚೆ ಎಣ್ಣೆ ಡಬ್ಬಿ ಮುಟ್ಟಿದವನಿಗೆ ನಮ್ಮಪ್ಪ ಅವತ್ತು ಅನ್ನ ಹಾಕುತ್ತಿರಲಿಲ್ಲ. ನನ್ನ ತಮ್ಮ ಅದನ್ನು ಚಿಕ್ಕಂದಿನಿಂದ ಕೇಳಿ ಬೆಳೆದವನು.

ಅವನನ್ನು ಜಾತ್ರೆ ಮೈದಾನದಲ್ಲಿ ಎಲ್ಲರೂ ಗಿರಗಿಟ್ಲೆ ಅಂತ ಕರೆಯುತ್ತಾರೆ. ಬಾವಿಯೊಳಗೆ ಅಷ್ಟು ತಿರುಗುತ್ತಾನೆ ಎಂದಲ್ಲ, ಹೊರಗೆ ಬಂದ ಮೇಲೂ ಒಂದು ಕಡೆ ನಿಲ್ಲುತ್ತಿರಲಿಲ್ಲ ಎಂದು. ಚಹಾದ ಅಂಗಡಿಯಲ್ಲಿ ಒಂದು ಗುಟುಕು, ಜಾಯಿಂಟ್ ವೀಲಿನವನ ಹತ್ತಿರ ಒಂದು ಮಾತು, ಬಳೆ ಅಂಗಡಿಯವಳಿಗೆ ಒಂದು ಕೀಟಲೆ. ಹೆಂಡತಿ ತೀರಿಕೊಂಡ ಮೇಲೆ ಆ ಗಿರಗಿಟ್ಲೆ ನಿಂತುಹೋಗಿತ್ತು. ಆಟ ಆಡುತ್ತಿದ್ದ, ಇಳಿಯುತ್ತಿದ್ದ, ಡೇರೆಯೊಳಗೆ ಪರದೆ ನೋಡಿಕೊಂಡು ಮಲಗುತ್ತಿದ್ದ. ಕರೆದರೆ ಬರುತ್ತಿದ್ದ. ಬಡಿಸಿದರೆ ಉಣ್ಣುತ್ತಿದ್ದ. ಎದುರು ಮಾತಾಡಿ ನನ್ನ ತಲೆ ತಿನ್ನುತ್ತಿದ್ದವನು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದ.

"ಏನೋ ಮಾಡ್ತಿದ್ದೀಯ?" ಅಂದೆ.

"ಚೈನ್ ಕಿರುಗುಡ್ತಿತ್ತು."

ರಟ್ಟು ಇರಲಿಲ್ಲ. ಬಲಗೈಯಲ್ಲಿ ಡಬ್ಬಿಯ ತಲೆ ಒತ್ತಿ ಹಿಡಿದಿದ್ದ, ಎಡಗೈಯಲ್ಲಿ ಹಿಂದಿನ ಚಕ್ರವನ್ನು ಜೋರಾಗಿ ತಿರುಗಿಸಿ ಬಿಟ್ಟಿದ್ದ. ಎಣ್ಣೆ ಚೈನಿಗೆ ಬಿದ್ದದ್ದಕ್ಕಿಂತ ಟೈರಿಗೆ ಬಿದ್ದದ್ದೇ ಹೆಚ್ಚು. ರಬ್ಬರಿನ ಸುತ್ತಲೂ ಒದ್ದೆ ಕಪ್ಪು ಹೊಳೆಯುತ್ತಿತ್ತು. ಗೀರುಗಳೊಳಗಿಂದ ಇಳಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಹಿಂದಿನ ದಿನ ಆಟ ಮುಗಿದ ಮೇಲೆ ಅವನು ಇದೇ ಚೈನಿಗೆ ಎಣ್ಣೆ ಹಾಕಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ರಟ್ಟು ಹಿಡಿದದ್ದೂ ನಾನೇ. ಬೆಳಿಗ್ಗೆ ಹೆಚ್ಚಾದದ್ದನ್ನು ಒರೆಸುವಾಗ ಚಕ್ರ ತಿರುಗಿಸಿದ್ದೆ, ಕಿರ್ ಅನ್ನುವ ಸದ್ದಿನ ಸುಳಿವೂ ಇರಲಿಲ್ಲ. ಅವನ ಕೈಯಿಂದ ಡಬ್ಬಿ ಕಿತ್ತುಕೊಂಡೆ. ಕೊಟ್ಟುಬಿಟ್ಟ. ಒಂದು ಮಾತು ಬೈದರೆ ಹತ್ತು ಮಾತು ತಿರುಗಿಸುವವನು ಸುಮ್ಮನೆ ಕೈ ಒರೆಸಿಕೊಂಡು ನಿಂತ.

ನಮ್ಮ ಇನ್ನೊಂದು ಕಟ್ಟಳೆಯನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ಯಾಕೆ ಬ್ರಶ್ಶು ಹಿಡಿದೆ ಎಂದು ನಿಮಗೆ ತಿಳಿಯುವುದಿಲ್ಲ. ಬಾವಿ ಹತ್ತುವವನು ತನ್ನ ಟೈರನ್ನು ತಾನು ಒರೆಸಬಾರದು. ಕೆಳಗೆ ನಿಂತು ಕಾಯುವವರು ಒರೆಸಬೇಕು. ನಮ್ಮಪ್ಪ ಅದಕ್ಕೆ ಕಾರಣವನ್ನೂ ಕೊಡುತ್ತಿದ್ದ. ಹತ್ತುವವನಿಗೆ ಮೇಲೆ ಜನ ಸೇರಿದ ಗದ್ದಲ ಕೇಳುತ್ತಿರುತ್ತದೆ, ಸಾಕು ಅನ್ನಿಸಿಬಿಡುತ್ತದೆ. ಕೆಳಗೆ ನಿಲ್ಲುವವರಿಗೆ ಎಷ್ಟು ಒರೆಸಿದರೂ ಸಾಕು ಅನ್ನಿಸುವುದಿಲ್ಲ. ನಮ್ಮಪ್ಪನ ಟೈರನ್ನು ಅಮ್ಮ ಒರೆಸಿದಳು. ತಮ್ಮನದನ್ನು ಅವನ ಹೆಂಡತಿ ಒರೆಸಿದಳು, ಮದುವೆಯಾಗಿ ಬಂದ ವಾರದಿಂದ ಆಸ್ಪತ್ರೆಗೆ ಸೇರುವ ಹಿಂದಿನ ದಿನದವರೆಗೆ.

ಅವಳು ಒರೆಸುವುದನ್ನು ನೋಡಬೇಕಿತ್ತು. ಎಳೆಮಗುವಿಗೆ ಸ್ನಾನ ಮಾಡಿಸಿದ ಹಾಗೆ ಮಾಡುತ್ತಿದ್ದಳು. ಕೊನೆಗೆ ಬಗ್ಗಿ, ತನ್ನ ಕೆನ್ನೆಯನ್ನು ರಬ್ಬರಿಗೆ ಒತ್ತಿ, ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಿದ್ದಳು. ಕೆನ್ನೆ ಜಾರಿದರೆ ಮತ್ತೆ ಮೊದಲಿನಿಂದ. ಜಾರದೆ ಚರ್ಮ ಎಳೆದರೆ, ಆಯ್ತು ಹೋಗಿ, ಅನ್ನುತ್ತಿದ್ದಳು. ದಿನವಿಡೀ ಒಂದು ಕೆನ್ನೆಗೆ ಕಪ್ಪು ಬಳಿದುಕೊಂಡೇ ಓಡಾಡುತ್ತಿದ್ದಳು. ನಾನು ಎಷ್ಟೋ ಸಲ ಮೂಗು ಮುರಿದಿದ್ದೆ, ಕೈಯಲ್ಲಿ ಮುಟ್ಟಿ ನೋಡಿದರೆ ಆಗೋದಿಲ್ವೇನೇ ಎಂದು. "ಕೈ ಸೋಪು ಹಿಡಿದಿರುತ್ತೆ ಅತ್ತಿಗೆ, ಅದಕ್ಕೆ ಏನೂ ಗೊತ್ತಾಗಲ್ಲ" ಅಂದಿದ್ದಳು.

ಈಗ ಒರೆಸುವವಳು ನಾನು. ಅವಳಷ್ಟು ಚೆನ್ನಾಗಿ ಬರುವುದಿಲ್ಲ, ಆದರೆ ನನ್ನ ಬಿಟ್ಟರೆ ಅವನಿಗೆ ಕೆಳಗೆ ನಿಂತು ಕಾಯುವವರು ಇನ್ಯಾರಿದ್ದಾರೆ. ಮಕ್ಕಳಿಲ್ಲ.

ಮೊದಲು ಒಣ ಬಟ್ಟೆ ತಂದೆ. ಹಳೆಯ ಬನಿಯನ್ ಹರಿದ ತುಂಡುಗಳು. ಎಣ್ಣೆ ಚೆಲ್ಲಿದಾಗ ನೀರು ಮುಟ್ಟಿಸುವ ಮುಂಚೆ ಎಷ್ಟಾಗುತ್ತದೋ ಅಷ್ಟನ್ನು ಬಟ್ಟೆಗೆ ಕುಡಿಸಿಬಿಡಬೇಕು. ಉಜ್ಜಬಾರದು, ಒತ್ತಿ ತೆಗೆಯಬೇಕು. ಒಂದು ತುಂಡು ಕಪ್ಪಾದರೆ ಎಸೆದು ಇನ್ನೊಂದು. ತಮ್ಮ ಬಾವಿಯ ಗೋಡೆಗೆ ಒರಗಿ ಕೂತು ನೋಡುತ್ತಿದ್ದ. ನಾವಿದ್ದದ್ದು ಬಾವಿಯ ತಳದಲ್ಲಿ. ಅಲ್ಲಿಗೆ ಒಂದೇ ಬಾಗಿಲು, ಆಟ ಶುರುವಾಗುವಾಗ ಅದನ್ನೂ ಮುಚ್ಚಿ ಹಲಗೆ ಸಮ ಮಾಡುತ್ತೇವೆ.

ಹೊರಗೆ ನನ್ನ ಗಂಡನ ಮೈಕು ಶುರುವಾಗಿತ್ತು. ಜನರನ್ನು ಕೂಗಿ ಕರೆಯುವುದು ಅವರ ಕೆಲಸ. "ಎದೆ ಗಟ್ಟಿ ಇರೋರು ಮಾತ್ರ ಬನ್ನಿ, ಸಾವಿನ ಜೊತೆ ಸರಸ ಆಡೋ ಗಂಡು ನೋಡ್ಬನ್ನಿ" ಎಂದು ಆ ದನಿ ಇಡೀ ಮೈದಾನಕ್ಕೆ ಕೇಳುತ್ತಿತ್ತು. ಮೈಕಿನಲ್ಲಿ ಅವರ ಗಂಡಸುತನ ನೋಡಬೇಕು. ಡೇರೆಯೊಳಗೆ ಜಿರಲೆ ಕಂಡರೆ ನನ್ನನ್ನು ಕೂಗುತ್ತಾರೆ. ಬೇರೆ ದಿನವಾಗಿದ್ದರೆ ನಾನೂ ತಮ್ಮನೂ ಮುಖ ಮುಖ ನೋಡಿಕೊಂಡು ನಗುತ್ತಿದ್ದೆವು. ಅವತ್ತು ಸಾವು ಅನ್ನುವ ಮಾತು ಕಿವಿಗೆ ಬಿದ್ದಾಗ ನಾನು ಅವನ ಕಡೆ ನೋಡಲಿಲ್ಲ.

"ಪೆಟ್ರೋಲ್ ಹಾಕಿ ಒರೆಸಿಬಿಡು ಅಕ್ಕ. ಬೇಗ ಆಗುತ್ತೆ" ಅಂದ.

ನನ್ನ ಕೈ ನಿಂತಿತು. ಪೆಟ್ರೋಲ್ ಹಾಕಿದರೆ ಎಣ್ಣೆ ತೆಳುವಾಗಿ ಗೀರು ಗೀರಿಗೂ ಹರಡುತ್ತದೆ, ಒರೆಸಿದ ಹಾಗೆ ಕಾಣುತ್ತದೆ, ರಬ್ಬರು ಕೆಡುತ್ತದೆ. ಹೋದ ವರ್ಷ ಪಕ್ಕದ ಸರ್ಕಸ್ಸಿನವನೊಬ್ಬ ಹೀಗೇ ಮಾಡಲು ಹೋದಾಗ ಅವನ ಕೈಯಿಂದ ಬಾಟಲಿ ಕಸಿದು ಗೂಬೆ, ಕತ್ತೆ ಎಂದು ಮೈದಾನವೆಲ್ಲ ಕೇಳುವಂತೆ ಬೈದವನು ಇದೇ ನನ್ನ ತಮ್ಮ.

ಎರಡನೆಯ ಸಲ ಎಣ್ಣೆ. ಈಗ ಪೆಟ್ರೋಲ್. ನನಗೆ ಬುದ್ಧಿ ಕಡಿಮೆ ಇರಬಹುದು, ಇಷ್ಟು ಕಡಿಮೆ ಇಲ್ಲ. ಆದರೆ ಕೇಳುವುದು ಹೇಗೆ? ಏನೋ, ಸಾಯಬೇಕು ಅಂತಿದ್ದೀಯಾ ಎಂದು ಒಡಹುಟ್ಟಿದವನನ್ನು ಯಾವ ಬಾಯಲ್ಲಿ ಕೇಳುವುದು? ಇಲ್ಲ ಎಂದರೆ ನಂಬುವುದು ಹೇಗೆ? ಹೌದು ಎಂದರೆ ಏನು ಮಾಡುವುದು? ಬಿಸಿನೀರು ತರಲು ಎದ್ದೆ.

ಪಾತ್ರೆ ತೊಳೆಯುವ ಸೋಪನ್ನು ಬಿಸಿನೀರಿನಲ್ಲಿ ಕಲಸಿದೆ. ಗಟ್ಟಿ ಬ್ರಶ್ಶು ತೆಗೆದುಕೊಂಡು ಒಂದೊಂದೇ ಗೀರಿಗೆ ಹಾಕಿ ತಿಕ್ಕಿದೆ. ನೊರೆ ಮೊದಲು ಕಾಡಿಗೆಯ ಹಾಗೆ ಬಂತು, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗಿತು. ಚಕ್ರ ಒಂದು ಗೇಣು ತಿರುಗಿಸುವುದು, ತಿಕ್ಕುವುದು, ನೀರು ಹೊಯ್ಯುವುದು. ಸೊಂಟ ಹಿಡಿದುಕೊಂಡಿತು.

ಬಾಗಿಲಲ್ಲಿ ನನ್ನ ಗಂಡ ತಲೆ ಹಾಕಿದರು. "ಏನೇ, ಜನ ಸೇರಿಬಿಟ್ಟಿದ್ದಾರೆ. ಇನ್ನೂ ಎಷ್ಟೊತ್ತು?"

"ನೀವು ಕೂಗ್ತಾ ಇರಿ."

"ಕೂಗೋದಕ್ಕೆ ಇನ್ನೇನೂ ಉಳಿದಿಲ್ಲ ಕಣೇ. ಇದ್ದದ್ದೆಲ್ಲ ಎರಡೆರಡು ಸಲ ಕೂಗಿದೀನಿ."

"ಹಾಗಾದ್ರೆ ಮೂರನೇ ಸಲ ಕೂಗಿ."

ಅವರು ಟೈರನ್ನು ನೋಡಿದರು, ನನ್ನ ಮುಖ ನೋಡಿದರು, ಏನೋ ಕೇಳಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡು ಹೋದರು. ಆ ಮನುಷ್ಯನಲ್ಲಿ ನನಗೆ ಹಿಡಿಸುವ ಗುಣ ಅದೊಂದೇ.

ತಮ್ಮ ತಲೆ ಎತ್ತಿ, ಮೇಲೆ ಜನ ನಿಂತು ನೋಡುವ ಕಟಕಟೆಯನ್ನು ನೋಡುತ್ತಿದ್ದ. ಇನ್ನೂ ಯಾರನ್ನೂ ಹತ್ತಿಸಿರಲಿಲ್ಲ. ಯಾರಿಗೋ ಹೇಳುವವನ ಹಾಗೆ, "ನಾನು ನಗ್ತಿದ್ದೆ ಅಕ್ಕ" ಅಂದ.

"ಯಾವಾಗ?"

"ಅವಳು ಕೆಮ್ಮುವಾಗ."

ನಾನು ಬ್ರಶ್ಶು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವನೂ ನಿಲ್ಲಿಸಿಬಿಡುತ್ತಾನೆ ಎಂದು ಭಯ. ಅವಳು ಹೋದ ಮೇಲೆ ಅವಳ ಸುದ್ದಿ ಅವನ ಬಾಯಲ್ಲಿ ಬಂದದ್ದು ಅದೇ ಮೊದಲು.

"ಗೇರ್ ಬದಲಾಯಿಸ್ತಿದ್ದಾಳೆ ನೋಡು ಅಂತಿದ್ದೆ. ಒಂದು ಸಲ ಕೆಮ್ಮಿದ್ರೆ ಫಸ್ಟು, ಎರಡು ಸಲ ಕೆಮ್ಮಿದ್ರೆ ಸೆಕೆಂಡು. ಅವಳೂ ನಗ್ತಿದ್ಲು. ನಕ್ಕರೆ ಇನ್ನೂ ಕೆಮ್ಮು ಬರ್ತಿತ್ತು."

ಅದು ನನಗೂ ಗೊತ್ತಿತ್ತು. ನಾನೂ ನಕ್ಕಿದ್ದೆ. ಬಾವಿಯವರಿಗೆ ಕೆಮ್ಮು ಅನ್ನುವುದು ಒಂದು ಕಾಯಿಲೆಯೇ ಅಲ್ಲ. ಮುಚ್ಚಿದ ಹಲಗೆಯೊಳಗೆ ದಿನವಿಡೀ ಹೊಗೆ ಕುಡಿಯುತ್ತೇವೆ. ನಮ್ಮಪ್ಪ ಕೆಮ್ಮುತ್ತಿದ್ದ, ಅಮ್ಮ ಕೆಮ್ಮುತ್ತಿದ್ದಳು, ನಾನು ಈಗಲೂ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮುಂಚೆ ಕೆಮ್ಮುತ್ತೇನೆ. ಬೇರೆ ಮನೆಯ ಸೊಸೆ ಅಷ್ಟು ದಿನ ಕೆಮ್ಮಿದ್ದರೆ ಯಾರಾದರೂ ಕೈ ಹಿಡಿದು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದರು. ನಮಗೆ ಅದು ಮನೆಯ ಸದ್ದು. ಅವಳು ಮೂಳೆ ಚಕ್ಕಳ ಆದಾಗಲೂ ಬಿಸಿಲಿಗೆ ಬಳಲಿದ್ದಾಳೆ ಎಂದುಕೊಂಡೆವು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎದೆಯ ಎಕ್ಸ್‌ರೇ ಫೋಟೋ ಹಿಡಿದು, ಇಷ್ಟು ದಿನ ಏನು ಮಾಡ್ತಿದ್ರಿ ಎಂದು ಕೇಳಿದರು. ಪುಪ್ಪುಸ ಪೂರ್ತಿ ಹೋಗಿತ್ತು.

"ನೀನೊಬ್ಬನೇ ಅಲ್ಲ ಕಣೋ. ನಾವೆಲ್ಲ ಇದ್ವಿ" ಅಂದೆ.

"ರಾತ್ರಿ ಅವಳ ಪಕ್ಕ ಮಲಗ್ತಿದ್ದವನು ನಾನೊಬ್ಬನೇ."

ಸಮಾಧಾನದ ಮಾತು ಎಷ್ಟು ಬೇಕಾದರೂ ಇರುತ್ತದೆ, ಒಂದಾದರೂ ಅವನಿಗೆ ತಗಲುವ ಹಾಗೆ ಇರಲಿಲ್ಲ. ನನಗೆ ಅವನ ಮೇಲೆ ಸಿಟ್ಟೂ ಬಂತು. ಅವಳು ಅಷ್ಟು ವರ್ಷ ಕೆನ್ನೆ ಕಪ್ಪು ಮಾಡಿಕೊಂಡು ಉಳಿಸಿಟ್ಟ ಜೀವವನ್ನು ಇವನು ಹೀಗೆ ಒಂದು ಡಬ್ಬಿ ಎಣ್ಣೆಯಲ್ಲಿ ಚೆಲ್ಲಿಬಿಡುವುದೇ? ಹಾಗೆ ಹೇಳಿಬಿಡಬೇಕು ಅನ್ನಿಸಿತು. ಹೇಳಲಿಲ್ಲ. ಅವನು ಸಾಯಲು ಹೊರಟಿದ್ದಾನೆ ಎಂಬುದಕ್ಕೆ ನನ್ನ ಹತ್ತಿರ ಇದ್ದದ್ದು ಬರೀ ಅನುಮಾನ. ಮನಸ್ಸು ನೆಟ್ಟಗಿಲ್ಲದ ಮನುಷ್ಯ ಮರೆತು ಎಣ್ಣೆ ಹಾಕಿರಲೂಬಹುದು.

ಎರಡನೆಯ ಸಲ ಸೋಪು ಹಾಕಿದೆ. ತೊಳೆದೆ. ಹೊಸ ಬಟ್ಟೆಯಲ್ಲಿ ಒರೆಸಿದೆ, ಬಟ್ಟೆಗೆ ಏನೂ ಹತ್ತಲಿಲ್ಲ. ಗಾಯಕ್ಕೆ ಹಚ್ಚುವ ಸ್ಪಿರಿಟ್ಟನ್ನು ಇನ್ನೊಂದು ಬಟ್ಟೆಗೆ ಹಾಕಿ ಮತ್ತೊಂದು ಸುತ್ತು ಒರೆಸಿದೆ. ಅಂಗೈ ಇಟ್ಟು ನೋಡಿದೆ. ಹಿಡಿಯುತ್ತದೆ ಅನ್ನಿಸಿತು. ಇನ್ನೊಂದು ಕಡೆ ಇಟ್ಟೆ, ಜಾರುತ್ತದೆ ಅನ್ನಿಸಿತು. ಅದು ಟೈರಿನ ಎಣ್ಣೆಯೋ ನನ್ನ ಕೈಯ ಸೋಪೋ ಗೊತ್ತಾಗಲಿಲ್ಲ. ಕೆನ್ನೆ ಇಟ್ಟೆ. ತಣ್ಣಗಿತ್ತು. ನನ್ನ ಕೆನ್ನೆಗೆ ಅವಳ ಕೆನ್ನೆಯ ಅಭ್ಯಾಸ ಇಲ್ಲ. ಕಣ್ಣಲ್ಲಿ ನೀರು ಬಂದಿತ್ತು, ಕೆನ್ನೆ ಜಾರಿದ್ದು ಅದಕ್ಕೂ ಇರಬಹುದು.

"ನೀನೇ ಮುಟ್ಟಿ ನೋಡೋ" ಅಂದೆ. ಕಟ್ಟಳೆ ಮುರಿದೆ. ಹತ್ತುವವನ ಹತ್ತಿರ ಟೈರು ಹೇಗಿದೆ ಎಂದು ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಕೇಳಿದ್ದಿಲ್ಲ.

ಅವನು ಎದ್ದು ಬಂದು ಕುಕ್ಕುರುಗಾಲಲ್ಲಿ ಕೂತ. ಹೆಬ್ಬೆರಳನ್ನು ರಬ್ಬರಿನ ಮೇಲೆ ಒತ್ತಿ ಒಂದು ಗೇಣು ಎಳೆದ. ಚಕ್ರ ತಿರುಗಿಸಿ ಇನ್ನೊಂದು ಕಡೆ ಎಳೆದ. ಅವನ ಹೆಬ್ಬೆರಳಿಗೆ ಗೊತ್ತಾಗದ್ದು ಇಲ್ಲ. ಹಲಗೆಯ ಮೇಲೆ ಬೆರಳಾಡಿಸಿ ಯಾವ ಮೊಳೆ ಎದ್ದಿದೆ ಎಂದು ಹೇಳುವವನು ಅವನು. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಮುಖದಲ್ಲಿ ಏನೂ ಇರಲಿಲ್ಲ.

"ಚೆನ್ನಾಗಿದೆ" ಅಂದ. "ಸಾಕು ಬಿಡು."

"ನಿಜವಾಗ್ಲೂ?"

"ಸಾಕು ಅಕ್ಕ. ಜನ ಕಾಯ್ತಿದ್ದಾರೆ. ಭಾವನ ಗಂಟಲು ಬಿದ್ದುಹೋಗುತ್ತೆ."

ಭಾವನ ಮೇಲಿನ ತಮಾಷೆ ಕೇಳಿ ಎಷ್ಟು ದಿನವಾಗಿತ್ತು. ಒಂದು ಕ್ಷಣ ನನ್ನ ಜೀವಕ್ಕೆ ತಂಪಾಯಿತು. ಮರುಕ್ಷಣವೇ ಹೆದರಿಕೆಯಾಯಿತು. ಇಷ್ಟು ದಿನ ಇಲ್ಲದ ಹಗುರ ಇವನಿಗೆ ಈಗ ಎಲ್ಲಿಂದ ಬಂತು? ಹೊರಡುವವರ ಮುಖದ ಹಗುರ ಅದು. ಅವನು ಹೇಳಿದ್ದು ನಿಜವೋ ಸುಳ್ಳೋ ತಿಳಿಯದೆ ನಾನು ಈ ಬಾಗಿಲು ಮುಚ್ಚಿ ಹೊರಗೆ ಹೋಗಿ ನಿಲ್ಲುವುದು ಸಾಧ್ಯವೇ ಇರಲಿಲ್ಲ.

ಮೇಲೆ ಮೆಟ್ಟಿಲಿನಲ್ಲಿ ಕಾಲ ಸದ್ದು ಕೇಳಿತು. ನನ್ನ ಗಂಡ ಜನರನ್ನು ಹತ್ತಿಸಲು ಶುರುಮಾಡಿದ್ದರು. ತಮ್ಮ ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ ಹತ್ತಿ ಕೂತ.

ನಾನು ಬಾಗಿಲನ್ನು ಒಳಗಿನಿಂದ ಎಳೆದು ಚಿಲಕ ಹಾಕಿದೆ. ಉಟ್ಟ ಬಟ್ಟೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅವನ ಭುಜ ಹಿಡಿದು ಹಿಂದಿನ ಸೀಟಿಗೆ ಕಾಲು ಹಾಕಿದೆ.

"ಏನು ಮಾಡ್ತಿದ್ದೀಯ?" ಅಂದ.

"ನಾನೂ ಬರ್ತೀನಿ."

"ಎಲ್ಲಿಗೆ?"

"ನೀನು ಹೋಗೋ ಕಡೆಗೆ."

ಅವನು ಅರ್ಧ ತಿರುಗಿ ನೋಡಿದ. "ಹುಚ್ಚು ಹಿಡಿದಿದ್ಯಾ ನಿಂಗೆ? ಏಣಿ ಹತ್ತೋದಕ್ಕೆ ಕೈಕಾಲು ನಡುಗುತ್ತೆ, ಗೋಡೆ ಹತ್ತುತ್ತೀಯಾ?"

"ಹಿಂದೆ ಜನ ಕೂರಿಸಿಕೊಂಡು ಅಪ್ಪ ಓಡಿಸ್ತಿರಲಿಲ್ವಾ? ನೀನೂ ಓಡಿಸಿದೀಯ. ಕಣ್ಣು ಮುಚ್ಕೊಂಡು ಕೂತ್ಕೋತೀನಿ."

"ಇಳಿ ಅಕ್ಕ. ತಮಾಷೆ ಸಾಕು."

"ಟೈರು ಚೆನ್ನಾಗಿದೆ ಅಂದ್ಯಲ್ಲ. ಚೆನ್ನಾಗಿದ್ರೆ ಹೆದರಿಕೆ ಯಾಕೆ? ಹೊಡಿ ಕಿಕ್ಕು."

ಮೇಲಿನಿಂದ ಯಾರೋ ಸಿಳ್ಳೆ ಹಾಕಿದರು. ಕಟಕಟೆಯ ಸುತ್ತ ಒಂದೊಂದೇ ಮುಖ ಕಾಣಿಸಿಕೊಳ್ಳುತ್ತಿತ್ತು. ಬಾವಿಯ ತಳದಲ್ಲಿ ಒಬ್ಬಳು ಹೆಂಗಸು, ಕೈತುಂಬ ಸೋಪು ನೊರೆ, ಮುಖಕ್ಕೆ ಕಪ್ಪು, ಬೈಕಿನ ಹಿಂದೆ ಕೂತಿದ್ದಾಳೆ. ಇದೂ ಆಟದಲ್ಲಿ ಸೇರಿದ್ದೇ ಎಂದುಕೊಂಡಿರಬೇಕು, ಚಪ್ಪಾಳೆ ತಟ್ಟಿದರು.

ಅವನು ಕಿಕ್ ಹೊಡೆದ. ನಮ್ಮ ಬೈಕಿಗೆ ಸೈಲೆನ್ಸರ್ ಇಲ್ಲ. ಸದ್ದು ಹಲಗೆಗೆ ಬಡಿದು ನನ್ನ ಹಲ್ಲಿನೊಳಗೆ ಹೊಕ್ಕಿತು. ನಾನು ಅವನ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದೆ. ಹಿಡಿದಾಗಲೇ ಗೊತ್ತಾದದ್ದು, ಅಂಗಿಯ ಒಳಗೆ ಮನುಷ್ಯ ಅರ್ಧ ಆಗಿಹೋಗಿದ್ದ. ಕಣ್ಣು ಮುಚ್ಚಿದೆ. ನಿಜ ಹೇಳುತ್ತೇನೆ, ಜೀವ ಬಾಯಿಗೆ ಬಂದಿತ್ತು. ನಾನು ಧೈರ್ಯಸ್ಥೆ ಅಲ್ಲ. ಅವನು ಹತ್ತಿಸಿಬಿಟ್ಟರೆ ಟೈರು ಚೆನ್ನಾಗಿದೆ ಎಂದು ಅರ್ಥ, ನಾನು ಸುಮ್ಮನೆ ಒಬ್ಬ ದುಃಖದ ಮನುಷ್ಯನ ಮೇಲೆ ಅನುಮಾನ ಪಟ್ಟೆ ಎಂದು ಅರ್ಥ. ಹತ್ತಿಸಲಿ ದೇವರೇ ಎಂದು ಬೇಡಿಕೊಂಡೆ. ಆ ಗೋಡೆಯನ್ನು ಕಂಡರೆ ಆಗದ ನಾನು, ಅದನ್ನು ಹತ್ತಬೇಕು ಎಂದು ಬೇಡಿಕೊಂಡೆ.

ಬೈಕು ನೆಲದ ಮೇಲೆ ಒಂದು ಸುತ್ತು ಬಂತು. ಎರಡನೆಯ ಸುತ್ತಿಗೆ ವೇಗ ಏರಿತು. ಅವನ ಮೈ ಬಿಗಿಯಾದದ್ದು ನನ್ನ ಕೈಗೆ ತಿಳಿಯಿತು. ಮುಂದಿನ ಚಕ್ರ, ನೆಲದಿಂದ ಗೋಡೆಗೆ ಹತ್ತಿಸುವ ಇಳಿಜಾರು ಹಲಗೆಯ ಅಂಚಿಗೆ ತಗಲಿ ಕಟ್ ಎಂದಿತು.

ಆಮೇಲೆ ಸದ್ದು ಇಳಿಯಿತು. ಬೈಕು ನಿಧಾನವಾಯಿತು, ನಿಂತಿತು. ಅವನು ಎಂಜಿನ್ ಆರಿಸಿದ. ಮೇಲೆ ಜನ ಹೋ ಎಂದು ಕೂಗಿದರು.

"ಇಳಿ ಅಕ್ಕ" ಅಂದ.

"ಯಾಕೋ?"

"ಟೈರು ಇನ್ನೂ ಜಾರುತ್ತೆ."

ನಾನು ಅವನ ಬೆನ್ನನ್ನೇ ನೋಡುತ್ತಿದ್ದೆ. ಅವನು ತಿರುಗಲಿಲ್ಲ. ಎರಡೂ ಕೈ ಹ್ಯಾಂಡಲ್ ಮೇಲೇ ಇದ್ದವು.

"ಈಗ್ತಾನೇ ಮುಟ್ಟಿ ನೋಡಿ ಚೆನ್ನಾಗಿದೆ ಅಂದ್ಯಲ್ಲೋ."

ಅವನು ಬಗ್ಗಿ ಹಣೆಯನ್ನು ಹ್ಯಾಂಡಲ್ಲಿಗೆ ಒತ್ತಿದ. ಆಮೇಲೆ ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದ.

"ನಾನೊಬ್ಬನೇ ಹತ್ತೋದಕ್ಕೆ ಚೆನ್ನಾಗಿದೆ ಅಂದಿದ್ದು."

ಹೊರಗಿನಿಂದ ನನ್ನ ಗಂಡ ಬಾಗಿಲು ಬಡಿಯುತ್ತಿದ್ದರು. ಏನಾಯ್ತು, ಚಿಲಕ ಯಾಕೆ ಹಾಕಿದೀರಿ, ಜನ ಗಲಾಟೆ ಮಾಡ್ತಿದ್ದಾರೆ, ಎಂದು ಕೂಗುತ್ತಿದ್ದರು. ಇವತ್ತು ಆಟ ಇಲ್ಲ ಎಂದು ಒಳಗಿನಿಂದ ಕೂಗಿದೆ. ನಾನು ಬೈಕಿನಿಂದ ಇಳಿಯಲಿಲ್ಲ. ತಮ್ಮನ ಅಂಗಿಯನ್ನು ಹಿಂದಿನಿಂದ ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡು, ಅವನ ಅಳು ನಿಲ್ಲುವವರೆಗೆ ಹಾಗೇ ಕೂತಿದ್ದೆ.